ಹೆದ್ದಾರಿ ಮುಗಿಯುವ ಊರು

ಮುಂದಿನ ವರ್ಷ ರಿಟೈರ್ಡ್. ವಿಜಯಪುರದ ಮನೆ ಬಾಡಿಗೆಗೆ ಕೊಟ್ಟು ಅಂಕೋಲಾ ಹತ್ತಿರ ಸಣ್ಣದೊಂದು ಹೆಂಚಿನ ಮನೆ ಹಿಡಿಯೋಣ ಅಂತ ತಲೆಯಲ್ಲಿ ಹುಳ ಬಿಟ್ಟುಕೊಂಡಿದ್ದೇನೆ. ನಮ್ಮೂರ ಮೇಲೆ ಹಾದುಹೋಗುವ ಹೆದ್ದಾರಿ 52 ಮುಗಿಯುವುದೇ ಅಲ್ಲಿ. ಗೋಕರ್ಣದಷ್ಟು ಗದ್ದಲವಿಲ್ಲ. ಪೆನ್ಷನ್‌ನಲ್ಲಿ ಆರಾಮಾಗಿ ಬದುಕಬಹುದು ಅಂತ ನನ್ನ ಲೆಕ್ಕ.

ನಮ್ಮಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಅಲ್ಲಿ 3,000 ದಾಟುತ್ತದೆ. ಏಪ್ರಿಲ್‌ನ 40 ಡಿಗ್ರಿಯಲ್ಲಿ ಕೂತವನಿಗೆ ಇದು ಆಸೆ ಹುಟ್ಟಿಸುತ್ತೆ, ಅಲ್ವಾ? ನಮ್ಮಾಕೆಗೆ ಹುಟ್ಟಿಸಲಿಲ್ಲ. "ಅಲ್ಲಿ ಗಾಳ್ಯಾಗ ಖಡಕ್ ರೊಟ್ಟಿ ಒಂದ ದಿನದಾಗ ಮೆತ್ತಗಾಗ್ತಾವ್ರಿ. ಶೇಂಗಾ ಹಿಂಡಿಗೂ ಬೂಷ್ಟು ಬರ್ತದ. ಮೀನ ತಿನ್ನದವರು ಅಲ್ಲಿ ಹೋಗಿ ಏನ್ ಮಾಡೂದು?" ಅಂದಳು. ಉತ್ತರ ಹೊಳೆಯಲಿಲ್ಲ.

ನನ್ನ ಚಿಂತೆ ಬೇರೆ. ಬಿಪಿ, ಶುಗರ್ ಎರಡೂ ಇವೆ. 2022ರಲ್ಲಿ ಉತ್ತರ ಕನ್ನಡದ ಜನ ತಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಬೀದಿಗಿಳಿದಿದ್ದರು. ಸುಮ್ನೆ ಇಳಿಯುತ್ತಾರಾ? 2024ರ ಜುಲೈನಲ್ಲಿ ಅಂಕೋಲಾದ ಪಕ್ಕದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಗಿತ್ತು. ಅಂಥ ರಾತ್ರಿ ಎದೆ ಹಿಡಿದುಕೊಂಡರೆ ಮಣಿಪಾಲಕ್ಕೆ ಹೋಗುವುದು ಯಾವ ದಾರಿಯಲ್ಲಿ?

ಡಿಸೆಂಬರ್‌ನಲ್ಲಿ ಸಮುದ್ರ ನೋಡಿ ಬಂದು ಮನೆ ಕೊಳ್ಳುವವರ ಸಲಹೆ ನನಗೆ ಬೇಡ. ಮೊದಲು ಜೂನ್, ಜುಲೈ ಅಲ್ಲೇ ಬಾಡಿಗೆಗಿದ್ದು ನೋಡುತ್ತೇನೆ. ನಮ್ಮಾಕೆ ಬಂದರೆ ಬರಲಿ. ಅಂಕೋಲಾ, ಕುಮಟಾ ಕಡೆಯವರು ಯಾರಾದರೂ ಇದ್ದರೆ ಹೇಳಿ, ಎರಡೇ ತಿಂಗಳಿಗೆ ಮನೆ ಕೊಡ್ತಾರಾ?