ಕಾಕಾನ ಹೊಲದ ಕೆಳಗಿನ ಗ್ಯಾಸ್ ಲೈನ್

ಹುಬ್ಬಳ್ಳಿಯಲ್ಲಿ ಗ್ಯಾಸ್ ಪೈಪ್ ಅಂದರೆ ಎಲ್ಲರೂ ಬೈಯುವುದು ಅಗೆದುಬಿಟ್ಟ ರಸ್ತೆಯನ್ನೇ. ಸರಿ, ಬೈಯೋಣ. ಆದರೆ ಆ ಗ್ಯಾಸ್ ಯಾರ ಹೊಲದ ಕೆಳಗೆ ಹಾದು ಬರುತ್ತದೆ ಅಂತ ಯಾರೂ ಕೇಳುವುದಿಲ್ಲ.

ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿಗೆ ಕೇಂದ್ರ ಸರ್ಕಾರದ ಗ್ಯಾಸ್ ಕಂಪನಿ ಗೇಲ್‌ನವರ ಲೈನ್ ಇದೆ, ಸುಮಾರು 1000 ಕಿಲೋಮೀಟರ್, 2013ರಲ್ಲಿ ಶುರುವಾಯಿತು. ಬೆಳಗಾವಿ ದಾಟಿ ಧಾರವಾಡ, ಗದಗ ಜಿಲ್ಲೆಗಳ ಮೂಲಕವೇ ಮುಂದೆ ಹೋಗುತ್ತದೆ. ದಾಭೋಳಕ್ಕೆ ಹಡಗಿನಲ್ಲಿ ಬರುವಾಗ ಗ್ಯಾಸ್ ಮೈನಸ್ 162 ಡಿಗ್ರಿಯ ದ್ರವ. ಬಿಸಿ ಮಾಡಿದರೆ 600 ಪಟ್ಟು ಹಿಗ್ಗಿ ಮತ್ತೆ ಗ್ಯಾಸ್ ಆಗುತ್ತದೆ. ದೊಡ್ಡ ಪೈಪಿನಲ್ಲಿ ಹತ್ತಾರು ಬಾರ್ ಒತ್ತಡದಲ್ಲಿ ಓಡುವ ಅದೇ ಗ್ಯಾಸು ನಮ್ಮ ಒಲೆಗೆ ಬರುವ ಹೊತ್ತಿಗೆ ಬರೀ 21 ಮಿಲಿಬಾರ್. ವಾಸನೆಯೂ ಅದರದ್ದಲ್ಲ, ಸೋರಿದರೆ ಮೂಗಿಗೆ ಗೊತ್ತಾಗಲಿ ಅಂತ ಬೆರೆಸಿದ್ದು.

ನಮ್ಮ ಎರೆಮಣ್ಣು ಪೈಪಿಗೆ ಒಳ್ಳೆಯ ನೆರೆಯಲ್ಲ. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಪೈಪಿನ ಮೇಲಿನ ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿದು ಎಳೆಯುತ್ತದೆ. ಹೊದಿಕೆ ಎಲ್ಲಾದರೂ ಕಿತ್ತರೆ ಹಸಿಮಣ್ಣಿನಲ್ಲಿ ಉಕ್ಕು ತುಕ್ಕು ಹಿಡಿಯಬಾರದು ಅಂತ ಪೈಪಿಗೆ ಸಣ್ಣಗೆ ಡಿಸಿ ಕರೆಂಟ್ ಹಾಯಿಸುತ್ತಲೇ ಇರುತ್ತಾರೆ. ಒಳಗೆ ಪಿಗ್ ಅನ್ನುವ ಯಂತ್ರವನ್ನು ಓಡಿಸಿ ಗೋಡೆ ಎಲ್ಲಿ ಸವೆದಿದೆ ಅಂತ ನೋಡುತ್ತಾರೆ. ಅಲ್ಲಲ್ಲಿ ವಾಲ್ವ್ ಸ್ಟೇಷನ್ ಇರುತ್ತವೆ, ಎಲ್ಲಾದರೂ ಒಡೆದರೆ ಅಷ್ಟು ತುಂಡನ್ನು ಮಾತ್ರ ಬಂದ್ ಮಾಡಬಹುದು. ಇದೆಲ್ಲ ಸುಮ್ನೆ ಅಲ್ಲ. 2014ರಲ್ಲಿ ಆಂಧ್ರದ ನಗರಂ ಊರಿನಲ್ಲಿ ತುಕ್ಕು ತಿಂದ ಲೈನ್ ಸೋರಿ ಬೆಂಕಿ ಹತ್ತಿತ್ತು, ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ತುಕ್ಕು ಬಿಟ್ಟರೆ ದೊಡ್ಡ ಭಯ ಜೆಸಿಬಿಯದ್ದು, ಯಾರನ್ನೂ ಕೇಳದೆ ಬಕೆಟ್ ಇಳಿಸುವವರಿಗೆ ನಮ್ಮಲ್ಲಿ ಬರವಿಲ್ಲ ಅಲ್ವಾ.

ಈಗ ನನ್ನ ಕಾಕಾನ ವಿಷಯಕ್ಕೆ ಬರುತ್ತೇನೆ. ಅವರ ಹೊಲದಲ್ಲೂ ಪೈಪ್ ಗುರುತಿನ ಕಂಬ ನೆಟ್ಟಿದ್ದಾರೆ. 1962ರ ಪೈಪ್‌ಲೈನ್ ಕಾಯ್ದೆ ಪ್ರಕಾರ ಜಮೀನು ರೈತನದ್ದೇ, ಕೆಳಗಿನ ಬಳಕೆಯ ಹಕ್ಕು ಮಾತ್ರ ಪೈಪಿನವರದ್ದು. ಕಡಲೆ, ಜೋಳ, ಹತ್ತಿ ಏನಾದರೂ ಬಿತ್ತಬಹುದು. ಆದರೆ ಪೈಪ್ ಹಾದುಹೋದ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ, ಹೊಂಡ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಇದಕ್ಕೆ ಪರಿಹಾರ ಆ ಪಟ್ಟಿಯ ಜಮೀನಿನ ಮಾರುಕಟ್ಟೆ ಬೆಲೆಯ ಶೇ. 10, ಅದೂ ಒಂದೇ ಸಲ. ಬೆಳೆ ಹಾಳಾದರೆ ಅದರ ಲೆಕ್ಕ ಬೇರೆ.

ಕಾಕಾಗೆ ಕೃಷಿ ಹೊಂಡ ಬೇಕಿತ್ತು. ಮಳೆನೀರು ಇಳಿದು ಬಂದು ನಿಲ್ಲುವ ತಗ್ಗು ಮೂಲೆ ಸರಿಯಾಗಿ ಆ ಪಟ್ಟಿಯಲ್ಲೇ ಇತ್ತು. ಕೊನೆಗೆ ಹೊಂಡವನ್ನು ಏರಿನ ಕಡೆ ತೋಡಿಸಿದರು, ಅದು ಅರ್ಧ ತುಂಬಿದರೆ ಹೆಚ್ಚು. ಪೈಪ್ ಬೇಡ ಅಂತ ನಾನು ಹೇಳುತ್ತಿಲ್ಲ, ನಮ್ಮ ಮನೆಯ ಚಹಾ ಕುದಿಯುವುದೂ ಗ್ಯಾಸಿನ ಮೇಲೆಯೇ. ಆದರೆ ಗ್ಯಾಸ್ ದಿನಾ ಹರಿಯುತ್ತದೆ, ಬಿಲ್ಲೂ ತಪ್ಪದೆ ಬರುತ್ತದೆ, ಹೊಲದವನಿಗೆ ಮಾತ್ರ ಒಂದೇ ಸಲ ಯಾಕೆ? ವರ್ಷಕ್ಕಿಷ್ಟು ಅಂತ ಬಾಡಿಗೆ ಕೊಡಲಿ.