ಪೊಸಡಿಗುಂಪೆ ದಾರಿಯಲ್ಲಿ ನಾನು ಕೊನೆಯ ಗಾಡಿ

ಆರು ಜನ ಹೆಂಗಸರು, ಮೂರು ಬೈಕು, ಮೂರು ಸ್ಕೂಟರ್. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಆರೂವರೆಗೆ ಕಾಸರಗೋಡಿನ ಕುಂಬಳೆಯಿಂದ ಪೊಸಡಿಗುಂಪೆ ಗುಡ್ಡಕ್ಕೆ ಹೊರಟೆವು. ಶಾಲು ಹಾಕಿಕೊಂಡು ಬಂದವರು ಅದನ್ನು ಬ್ಯಾಗಿಗೆ ತುರುಕಬೇಕು ಅನ್ನೋದು ನಮ್ಮ ಮೊದಲ ನಿಯಮ. ಹಿಂದಿನ ಚಕ್ರಕ್ಕೆ ಶಾಲು ಸುತ್ತಿಕೊಂಡು ಬಿದ್ದವರ ಕಥೆ ನಮ್ಮಲ್ಲಿ ಎಲ್ಲರ ಹತ್ರವೂ ಒಂದೊಂದು ಇದೆ. ಚಂದ ಕಾಣಲ್ಲ ಅಂತ ಹೊಸ ಬೈಕಿನ ಸೀರೆ ಗಾರ್ಡ್ ಬಿಚ್ಚಿಸೋರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರ್ತದೆ.

ನನಗೆ ಸಿಕ್ಕಿದ್ದು ಬಾಲದ ಕೆಲಸ. ಕೊನೆಯಲ್ಲಿ ಬರೋದು, ಯಾರೂ ನನ್ನ ಹಿಂದೆ ಉಳಿಯದ ಹಾಗೆ ನೋಡೋದು. ಹೆದ್ದಾರಿ 66ರಲ್ಲಿ ಬಂದ್ಯೋಡಿನವರೆಗೆ ಏನೂ ತೊಂದರೆ ಆಗಲಿಲ್ಲ. ಒಬ್ಬಳು ಬಲಕ್ಕೆ, ಹಿಂದಿನವಳು ಸ್ವಲ್ಪ ಎಡಕ್ಕೆ, ನಡುವೆ ಎರಡು ಸೆಕೆಂಡ್ ಅಂತರ. ಮುಂದಿನವಳು ದಾಟಿದ ಕಂಬವನ್ನು ನೋಡಿ "ಒಂದು ಸಾವಿರ, ಎರಡು ಸಾವಿರ" ಅಂತ ಎಣಿಸಿದರೆ ಅಂತರ ಸರಿ ಇದೆಯಾ ಅಂತ ಗೊತ್ತಾಗ್ತದೆ.

ಬಂದ್ಯೋಡಿನಲ್ಲಿ ಒಳಗೆ ತಿರುಗಿದ ಮೇಲೆ ರಸ್ತೆ ಸಣ್ಣದು, ತಿರುವು ಜಾಸ್ತಿ. ಅಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ಹೋಗಬೇಕು. ಹೋದೆವು ಕೂಡ. ಆದರೆ ಮುಂದೆ ಇದ್ದ ಟೀಚರ್ ಒಂದೊಂದು ತಿರುವು ದಾಟಿದ ಕೂಡಲೇ ಆಕ್ಸಿಲರೇಟರ್ ಸ್ವಲ್ಪ ಜಾಸ್ತಿ ತಿರುಚುತ್ತಿದ್ದರು, ಅವರ ಹಿಂದಿನವಳು ಇನ್ನೂ ಸ್ವಲ್ಪ ಜಾಸ್ತಿ, ಹೀಗೆ ಅದು ಐದನೆಯವರ ಹತ್ತಿರ ಬರೋ ಹೊತ್ತಿಗೆ ಅವರು ಓಡಿಸೋದಲ್ಲ, ಅಟ್ಟಿಸಿಕೊಂಡು ಹೋಗೋದು ಅಂತ ಆಗಿತ್ತು. ಮುಂದೆ ಇದ್ದವರಿಗೆ ನಲವತ್ತು, ಹಿಂದೆ ಇದ್ದವರಿಗೆ ಅರುವತ್ತು. ಹಿಂದಿನಿಂದ ನೋಡದೆ ಇದ್ದರೆ ಇದು ಅರ್ಥ ಆಗೋದೇ ಇಲ್ಲ.

ಐದನೆಯವರು ನಮ್ಮ ಅಕ್ಕ. ಐವತ್ತೆರಡು ವರ್ಷ, ಸೊಸೈಟಿಯಲ್ಲಿ ಕೆಲಸ, ಹಳೇ ಸ್ಕೂಟರ್. ಆಫೀಸಿಗೆ ದಿನಾ ಓಡಿಸ್ತಾರೆ, ಚೆನ್ನಾಗಿಯೇ ಓಡಿಸ್ತಾರೆ. ಆದರೆ ಮುಂದಿನವರು ಕಣ್ಣಿಗೆ ಕಾಣದೆ ಹೋದರೆ ಯಾರಿಗಾದರೂ ಗಾಬರಿ ಆಗ್ತದೆ ಅಲ್ವಾ? ಪೆರ್ಮುದೆ ದಾಟಿ ಒಂದು ಇಳಿಜಾರಿನ ತಿರುವಿನಲ್ಲಿ ಲಾರಿಯಿಂದ ಚೆಲ್ಲಿದ ಕೆಂಪುಕಲ್ಲಿನ ಪುಡಿ ಬಿದ್ದಿತ್ತು. ಅಕ್ಕ ಅದನ್ನು ನೋಡಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದರು. ಗಾಡಿ ಕಾಲಡಿಯಿಂದ ಸೋಪಿನ ಹಾಗೆ ಜಾರಿತು. 2019ರ ನಂತರದ ಹೆಚ್ಚಿನ ಸ್ಕೂಟರುಗಳಲ್ಲಿ ಹಿಂದಿನ ಬ್ರೇಕ್ ಹಿಡಿದರೆ ಮುಂದಿನ ಚಕ್ರಕ್ಕೂ ಸ್ವಲ್ಪ ಹಿಡಿತ ಹೋಗ್ತದೆ, ಅವರದಕ್ಕೆ ಅದಿಲ್ಲ. ಇದ್ದಿದ್ದರೂ ಆ ಪುಡಿಯ ಮೇಲೆ ಏನಾಗ್ತಿತ್ತೋ.

ನಾನು ಸಾಕಷ್ಟು ಹಿಂದೆ ಇದ್ದೆ, ಹಾಗಾಗಿ ಅವರ ಮೇಲೆ ಹತ್ತಲಿಲ್ಲ. ಗಾಡಿಯನ್ನು ತಿರುವಿನ ಮೇಲ್ಗಡೆ, ಬರುವವರಿಗೆ ಕಾಣುವ ಹಾಗೆ ನಿಲ್ಲಿಸಿ ಪಾರ್ಕಿಂಗ್ ಲೈಟ್ ಹಾಕಿದೆ, ಆಮೇಲೆ ಓಡಿದೆ. ಅಕ್ಕನ ಪೂರ್ತಿ ಮುಚ್ಚುವ ಹೆಲ್ಮೆಟಿನ ಗಲ್ಲದ ಭಾಗದಲ್ಲಿ ಬೆರಳುದ್ದದ ಗೀರು. ಅರ್ಧ ಹೆಲ್ಮೆಟ್ ಆಗಿದ್ದರೆ ಆ ಗೀರು ಎಲ್ಲಿ ಇರ್ತಿತ್ತು ಅಂತ ಯೋಚಿಸಿ ನನ್ನ ಕೈ ನಡುಗಿತು. ಅವರದು ಬರೀ ಮೊಣಕಾಲು ತರಚಿತ್ತು.

ಒಂದು ಆಟೋ ನಿಂತಿತು. ಒಳ್ಳೆ ಮನುಷ್ಯ, ಸ್ಕೂಟರ್ ಎತ್ತಿ ನಿಲ್ಲಿಸಿದ, ನೀರು ಕೊಟ್ಟ. ಆಮೇಲೆ ಸುತ್ತ ನೋಡಿ, "ಗಂಡಸರು ಯಾರೂ ಬರ್ಲಿಲ್ವಾ?" ಅಂದ. ಅಕ್ಕ ಕೂತಲ್ಲಿಂದಲೇ, "ಬಂದಿದ್ರೆ ಅವರೂ ಇದೇ ಪುಡಿಯಲ್ಲಿ ಬೀಳ್ತಿದ್ರು ಮಾರಾಯಾ" ಅಂದರು.

ಮುಂದಿನ ನಾಲ್ವರಿಗೆ ಗೊತ್ತಾಗಿದ್ದು ಹತ್ತು ನಿಮಿಷ ಕಳೆದ ಮೇಲೆ, ಧರ್ಮತ್ತಡ್ಕದಲ್ಲಿ. ವಾಪಸ್ ಬಂದು ಟೀಚರ್ ಅತ್ತೇ ಬಿಟ್ಟರು. ನನಗೆ ಅವರ ಮೇಲೆ ಕೋಪ ಇತ್ತು, ಆದರೆ ತಪ್ಪು ನನ್ನದೂ ಇತ್ತು. ಬಾಲದಲ್ಲಿ ಕೂತು ಎಲ್ಲವನ್ನೂ ನೋಡ್ತಾ ಇದ್ದವಳು ಒಂದು ಹಾರ್ನ್ ಕೂಡ ಹೊಡೆಯಲಿಲ್ಲ.

ಅಲ್ಲೇ ರಸ್ತೆ ಬದಿಯಲ್ಲಿ ಸಾಲು ಬದಲಾಯಿಸಿದೆವು. ನಿಧಾನ ಓಡಿಸುವವರು ಎರಡನೆಯವರು, ಮುಂದಿನವರು ಕನ್ನಡಿಯಲ್ಲಿ ಅವರನ್ನು ನೋಡಿಯೇ ವೇಗ ಇಡಬೇಕು. ಹಿಂದಿನವರು ಕನ್ನಡಿಯಲ್ಲಿ ಕಾಣದಿದ್ದರೆ ಯಾರೇ ಆದರೂ ನಿಲ್ಲಬೇಕು, ಕವಲುದಾರಿ ಬಂದರಂತೂ ನಿಂತೇ ಇರಬೇಕು. ಗುಂಪೆ ಹತ್ತಿ, ದೂರದ ಸಮುದ್ರ ನೋಡ್ತಾ ಇಡ್ಲಿ ತಿಂದು ಮುಗಿಸುವಾಗ ಹತ್ತೂವರೆ.

ಇಳಿಯುವ ಮೊದಲು ಅಕ್ಕನಿಗೆ ಮನೆಯಿಂದ ಫೋನ್ ಬಂತು. "ಎಂತದೂ ಆಗ್ಲಿಲ್ಲ, ಕನ್ನಡಿ ಒಂದು ಹೋಗಿದೆ" ಅಂತ ಹೇಳಿ ಇಟ್ಟರು, ಹೆಲ್ಮೆಟ್ ಹಾಕಿಕೊಂಡು ಟೀಚರ್ ಹಿಂದೆ ಗಾಡಿ ತಂದು ನಿಲ್ಲಿಸಿ, "ಮೂವತ್ತೈದು ದಾಟಿದ್ರೆ ನಾನು ಹಾರ್ನ್ ಹೊಡೀತೇನೆ" ಅಂದರು. ಕುಂಬಳೆಗೆ ಬರುವಷ್ಟರಲ್ಲಿ ನಾಲ್ಕು ಸಲ ಹೊಡೆದರು.