ಮಧ್ಯಾಹ್ನದ ಸುರುಳಿ

ಮಧ್ಯಾಹ್ನ 2 ಗಂಟೆ. ಮೆಕ್ಕೆಜೋಳದ ಎಲೆಗಳೆಲ್ಲ ಕೊಳವೆ ಥರ ಸುತ್ತಿಕೊಂಡು ನಿಂತಿದ್ದವು. ಬಾಡೇ ಹೋಯ್ತು ಅಂತ ಪೈಪ್ ಎಳೆದು ತಂದೆ. ಅಷ್ಟರಲ್ಲಿ ಬೇರೆ ಕೆಲಸ ಬಂತು. ಸಂಜೆ ನೋಡಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಬಿಚ್ಚಿಕೊಂಡಿವೆ!

ಎಲೆಯ ಮೇಲ್ಮೈಯಲ್ಲಿ ಸಾಲಾಗಿ ಕೆಲವು ದೊಡ್ಡ ಜೀವಕೋಶಗಳಿರುತ್ತವೆ. ಅವುಗಳಲ್ಲಿ ನೀರು ಕಡಿಮೆಯಾದರೆ ಎಲೆ ಒಳಕ್ಕೆ ಸುತ್ತಿಕೊಳ್ಳುತ್ತದೆ, ಬಿಸಿಲು ತಾಗುವ ಜಾಗ ಕಡಿಮೆಯಾಗುತ್ತದೆ. ಜೊತೆಗೆ ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನು ಜಾಸ್ತಿಯಾಗಿ, ಎಲೆ ಉಸಿರಾಡುವ ಸಣ್ಣ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ನೀರೇನೋ ಉಳಿಯುತ್ತದೆ. ಆದರೆ ಇಂಗಾಲದ ಡೈಆಕ್ಸೈಡ್ ಒಳಗೆ ಬರೋದೂ ಕಡಿಮೆಯಾಗುತ್ತದೆ. ಅಂದರೆ ಹಸಿದುಕೊಂಡೇ ದಾಹ ತಡೆಯೋದು. ಸುಮ್ನೆ ನಿಂತಿರೋ ಹಾಗೆ ಕಾಣುತ್ತದೆ ಅಷ್ಟೇ, ಅಲ್ವಾ?

ಬೆಳಿಗ್ಗೆ ತಂಪಲ್ಲೂ ಸುರುಳಿ ಬಿಚ್ಚದಿದ್ದರೆ ಗಾಬರಿಯಾಗಬೇಕು. ಪೈಪ್ ಇನ್ನೂ ಬದುವಿನ ಮೇಲೇ ಬಿದ್ದಿದೆ.